ಬಾಯಿಬಂಗಾರ

ಗೋಕಾಕ ಫಾಲ್ಸಿನ ಗಿರಣಿ ಚಾಳಿನಲ್ಲಿ ಲಕ್ಕಪ್ಪ ಸತ್ತ ದಿನ ಅಲ್ಲಪ್ಪನಿಗೆ ಬಂಗಾರದ ಹುಚ್ಚು ಹತ್ತಿತು. ಅಲ್ಲಿಯವರೆಗೆ ಅವನೂ ಎಲ್ಲರ ಹಾಗೇ ಇದ್ದ. ಭೋಂಗಾ ಕೂಗಿದರೆ ಗಿರಣಿಗೆ ಹೋಗುವುದು, ನೂಲಿನ ಖಾತೆಯಲ್ಲಿ ಪಾಳಿ ಮುಗಿಸುವುದು, ಮೀಸೆಗೆ ಹತ್ತಿದ ಅರಳೆ ಒರೆಸಿಕೊಂಡು ಬಂದು ತಾನೇ ರೊಟ್ಟಿ ಬಡಿದುಕೊಂಡು ತಿಂದು ಮಲಗುವುದು. ಹೆಂಡತಿ ಸುಂದ್ರವ್ವ ಚೊಚ್ಚಲ ಬಾಣಂತನಕ್ಕೆಂದು ತವರೂರು ಮೂಡಲಗಿಗೆ ಹೋದವಳು ತಿರುಗಿ ಬರಲಿಲ್ಲ. ಕೂಸೂ ಉಳಿಯಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಎಂದು ಹೇಳುವವರು ಹೇಳಿ ಹೇಳಿ ಸಾಕಾಗಿ ಕೈಬಿಟ್ಟಿದ್ದರು. ಒಮ್ಮೆ ಒಲ್ಲೆ ಅಂದರೆ ಆ ಮಾತಿಗೇ ಜೋತುಬೀಳುವ ಮನುಷ್ಯ ಅವನು.

ಲಕ್ಕಪ್ಪ ಚಾಳಿನ ಕಾವಲಿಗಿದ್ದ ಮುದುಕ. ಹಿಂದೆ ಮುಂದೆ ಯಾರೂ ಇಲ್ಲದವನು. ಹೆಣ ಎತ್ತುವ ಮೊದಲು ಬಾಯಿಗೆ ಬಂಗಾರ ಹಾಕಬೇಕಲ್ಲ? ನಮ್ಮ ಕಡೆ ಅದಿಲ್ಲದೆ ಹೆಣ ಹೊಸ್ತಿಲು ದಾಟುವುದಿಲ್ಲ. ಬಹಳ ಬೇಡ, ಸಾಸಿವೆ ಕಾಳಿನಷ್ಟಾದರೂ ನಡೆಯುತ್ತದೆ, ಆದರೆ ಅದನ್ನು ಮನೆಯವರು ಹಾಕಬೇಕು. ಮಗ, ಹೆಂಡತಿ, ತಮ್ಮ, ಯಾರೋ ಒಬ್ಬರು ಇವ ನಮ್ಮವ ಎನ್ನುವವರು. ಲಕ್ಕಪ್ಪನ ಟ್ರಂಕು ಜಾಲಾಡಿದರೆ ಧೋತರ, ಕಂಬಳಿ, ತುಕ್ಕು ಹಿಡಿದ ಬೀಗ ಸಿಕ್ಕವು. ಕೊನೆಗೆ ಬಾಜೂ ಮನೆಯ ಇಂದ್ರವ್ವ ತನ್ನ ಕೊರಳಿನ ಸರದಿಂದ ಒಂದು ಬಂಗಾರದ ಗುಂಡು ಬಿಚ್ಚಿ ಮುದುಕನ ತುಟಿಗೆ ಮುಟ್ಟಿಸಿದಳು. ಮುಟ್ಟಿಸಿ, ಬಿಂದಿಗೆಯ ನೀರಲ್ಲಿ ತೊಳೆದು, ಅಲ್ಲೇ ನಿಂತು ಮತ್ತೆ ಸರಕ್ಕೆ ಪೋಣಿಸಿಕೊಂಡಳು. ಅವಳದೇನೂ ತಪ್ಪಿಲ್ಲ. ಬೇರೆಯವರು ಅಷ್ಟನ್ನೂ ಮಾಡಲಿಲ್ಲ.

ಆದರೆ ಅಲ್ಲಪ್ಪನ ಎದೆಗೆ ಅದು ನಾಟಿತು. ಸುಂದ್ರವ್ವನ ಬಾಯಿಗೆ ಅವಳಪ್ಪ ತನ್ನ ಕಿವಿಯ ಬಂಗಾರವನ್ನೇ ಮುರಿದು ಹಾಕಿದ್ದ. ತನಗೆ? ತನಗೂ ಒಂದು ದಿನ ಇದೇ ಇಂದ್ರವ್ವ ಗುಂಡು ಬಿಚ್ಚುತ್ತಾಳೆ, ಮುಟ್ಟಿಸುತ್ತಾಳೆ, ತೊಳೆದುಕೊಳ್ಳುತ್ತಾಳೆ. ಹೋಗುವಾಗಲೂ ಕಡ ತಂದ ಬಂಗಾರ. ಆ ದಿನ ಅವನು ರೊಟ್ಟಿ ಮಾಡಲಿಲ್ಲ.

ಮುಂದಿನ ರವಿವಾರ ಗಿರಣಿಗೆ ಸೂಟಿ. ಅಲ್ಲಪ್ಪ ಗೋಕಾಕದ ಪತ್ತಾರ ಓಣಿಗೆ ಹೋಗಿ ಕೇದಾರಿ ಪತ್ತಾರನ ಅಂಗಡಿಯ ಕಟ್ಟೆ ಹತ್ತಿದ. ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದ ಹೊಸದು. ಅಂಗಡಿಯಲ್ಲಿ ಅದೇ ಮಾತು ನಡೆದಿತ್ತು.

"ಒಂದು ಗುಂಜಿ ಬಂಗಾರ ಕೊಡ್ರಿ," ಅಂದ ಅಲ್ಲಪ್ಪ.

ಗುಂಜಿಯಷ್ಟು ಬಂಗಾರ ಕೇಳಿಕೊಂಡು ಬರುವವರು ಯಾಕೆ ಬರುತ್ತಾರೆಂದು ಪತ್ತಾರರಿಗೆ ಗೊತ್ತು. ಕೇದಾರಿ ಮುಖ ಸಣ್ಣದು ಮಾಡಿಕೊಂಡು ಕೇಳಿದ: "ಯಾರು ತೀರಕೊಂಡ್ರೋ?"

"ಯಾರೂ ಇಲ್ರಿ. ನನಗ ಬೇಕು. ಮುಂದ ನಾ ಹೋಗೂ ಹೊತ್ತಿಗೆ ಇರ್ಲಿ ಅಂತ."

ಉಂಗುರಕ್ಕೆ ಬೇಕು ಎಂದು ಒಂದು ಸುಳ್ಳು ಹೇಳಿದ್ದರೆ ಕೆಲಸ ಆಗಿಹೋಗುತ್ತಿತ್ತು. ಆದರೆ ಸುಳ್ಳು ಹೇಳುವ ಜಾಣತನವಿದ್ದರೆ ಅವನು ಅಲ್ಲಪ್ಪ ಯಾಕಾಗುತ್ತಿದ್ದ? ಕೇದಾರಿ ಸಣ್ಣ ತಕ್ಕಡಿಯನ್ನು ಮಡಚಿ ಪೆಟ್ಟಿಗೆಯೊಳಗೆ ಇಟ್ಟೇಬಿಟ್ಟ.

"ಬದುಕಿದವನ ಕೈಯಾಗ ಬಾಯಿಬಂಗಾರ ತೂಗಿ ಕೊಡೂದಿಲ್ಲೋ ಮಾರಾಯಾ. ನಿನಗೂ ಕೇಡು, ನನ್ನ ಅಂಗಡಿಗೂ ಕೇಡು. ತಾನ ಕೊಂಡು ಇಟ್ಕೊಳ್ಳೂ ಸಾಮಾನಲ್ಲ ಅದು. ನಿನ್ನವರು ಹಾಕಬೇಕು."

"ನನ್ನವರು ಯಾರೂ ಇಲ್ರಿ."

"ಹಂಗಂದ್ರ ಹ್ಯಾಂಗ? ದೇವರು ಅದಾನ."

ಮಾತು ಮುಗಿಸಬೇಕಾದಾಗ ಎಲ್ಲರೂ ದೇವರನ್ನೇ ಕರೆಯುತ್ತಾರೆ. ಅಲ್ಲಪ್ಪ ಎದ್ದು ಹೋಗಲಿಲ್ಲ. ಕಟ್ಟೆಯ ಕಲ್ಲು ಕೆರೆಯುತ್ತ ಕೇಳಿದ: "ಕೊಂಡದ್ದಲ್ಲ, ಸಿಕ್ಕದ್ದಾದ್ರ ನಡೀತೈತೇನ್ರಿ? ಹೊಳಿ ಕೊಟ್ರ?"

"ಹೊಳಿ ನಿನಗೇನಾಗಬೇಕೋ? ಸ್ವಾದರಮಾವ ಏನು?" ಎಂದು ಕೇದಾರಿ ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಕಟ್ಟೆಯ ಕೆಳಗಿನಿಂದಲೂ ಒಂದು ನಗು ಬಂತು. ಅಲ್ಲಿ ಒಬ್ಬ ಮುದುಕಿ ಗಟಾರದ ಕೆಸರನ್ನು ತಗಡಿನ ಚೂರಿನಿಂದ ಬಾಚಿ ಪುಟ್ಟಿಗೆ ತುಂಬುತ್ತಿದ್ದಳು. ಅವಳು ರಾಯವ್ವ, ಜಾಲಗಾರರವಳು. ಪತ್ತಾರರು ಅರ ಹಾಕುವಾಗ ಉದುರುವ ಬಂಗಾರದ ಪುಡಿ ಅಂಗಡಿಯ ಕಸದಲ್ಲಿ, ಗಟಾರದ ಕೆಸರಿನಲ್ಲಿ ಸೇರಿಹೋಗುತ್ತದೆ. ಅದನ್ನು ಒಯ್ದು ತೊಳೆದು ಬಂಗಾರ ತೆಗೆಯುವುದು ಆ ಮನೆತನದ ಕಸುಬು. ಹಿಂದೆ ಹೊಳೆಯ ಉಸುಕನ್ನೂ ತೊಳೆಯುತ್ತಿದ್ದರು. ಅವಳ ಬಳಗವೆಲ್ಲ ಮುಂಡರಗಿ ಸೀಮೆಗೆ ಹೋಗಿ ನೆಲೆಸಿತ್ತು. ಇಲ್ಲಿ ಉಳಿದವಳು ಇವಳೊಬ್ಬಳೇ.

"ಕೊಡ್ತೈತಿ ತಮ್ಮಾ," ಅಂದಳು ಕೆಸರಿನ ಕೈಯನ್ನು ಎತ್ತಿ ಹಿಡಿದುಕೊಂಡು. "ಹೊಳಿ ಕೊಡ್ತೈತಿ. ಆದ್ರ ಬಾಳ ಕಾಡಸ್ತೈತಿ."

ಅಷ್ಟು ಸಾಕಾಯಿತು ಅಲ್ಲಪ್ಪನಿಗೆ. ಆ ರವಿವಾರದಿಂದ ಅವನ ಸೂಟಿಗಳೆಲ್ಲ ಹೊಳೆಯ ಪಾಲಾದವು.

ಮೊದಮೊದಲು ಅವನು ತಿಂದ ಪೆಟ್ಟು ಅಷ್ಟಿಷ್ಟಲ್ಲ. ಮೊಣಕಾಲು ನೀರಿನಲ್ಲಿ ನಿಂತು ನೋಡಿದರೆ ಉಸುಕಿನ ತುಂಬ ಬಂಗಾರವೇ! ಬೊಗಸೆ ಬೊಗಸೆ ಹೊಳೆಯುತ್ತಿತ್ತು. ಅದನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು, ಯಾರಿಗೂ ತೋರಿಸದೆ, ಎದೆಗೆ ಅವಚಿಕೊಂಡು ರಾಯವ್ವನ ಮನೆಗೆ ಓಡಿದ. ಅವಳು ಗಂಟು ಬಿಚ್ಚಿದಳು, ಒಮ್ಮೆ ಉಫ್ ಎಂದು ಊದಿದಳು. ಅರ್ಧ ಬಂಗಾರ ಗಾಳಿಗೆ ಹಾರಿಹೋಯಿತು.

"ಕಾಗಿಬಂಗಾರ," ಅಂದಳು. ಉಳಿದದ್ದನ್ನು ಬಾಗಿಲ ಹೊರಗೆ ಚೆಲ್ಲಿದಳು.

ಅಲ್ಲಪ್ಪನ ಮುಖ ನೋಡಿ ಅವಳಿಗೇ ಪಾಪ ಅನಿಸಿರಬೇಕು. ಕೂಡಿಸಿಕೊಂಡು ಹೇಳಿದಳು: "ಬಿಸಲಾಗ ಹೊಳದ್ರ ನಂಬಬ್ಯಾಡ. ಬಿಸಲಾಗ ಎಲ್ಲಾ ಹೊಳೀತೈತಿ, ನನ್ನ ಹಲ್ಲೂ ಹೊಳೀತೈತಿ. ಕೈ ಅಡ್ಡ ಹಿಡಿದು ನೆರಳು ಮಾಡು. ನೆರಳಾಗೂ ಹಳದಿ ಹಳದಿನ ಉಳದ್ರ ಆಗ ನನ್ನ ಕಡಿ ಬಾ."

ಅವನು ಮತ್ತೆ ಹೋದ, ಮತ್ತೆ ತಂದ. ಒಮ್ಮೆ ಹಳದಿ ಕಲ್ಲಿನ ಚೂರು ತಂದ. ನೆರಳಿನಲ್ಲೂ ಹಳದಿ! ಅವಳು ಅದನ್ನು ಒಳಕಲ್ಲಿನ ಅಂಚಿಗಿಟ್ಟು ಗುಂಡುಕಲ್ಲಿನಿಂದ ಒಂದೇ ಏಟು ಹಾಕಿದಳು. ಕರ್ರಗೆ ಪುಡಿಯಾಗಿ ಕಡ್ಡಿಪೆಟ್ಟಿಗೆಯ ವಾಸನೆ ಬಂತು. "ಖರೆ ಬಂಗಾರ ಪುಡಿ ಆಗೂದಿಲ್ಲ. ಬಡದಷ್ಟೂ ಅಗಲ ಆಗ್ತೈತಿ, ಸುಮ್ಮನ ಮಲಕ್ಕೋತೈತಿ," ಎಂದಳು.

ಆಮೇಲೆ ಮರಿಗಿ ಹಿಡಿಯುವುದನ್ನು ಕಲಿಸಿದಳು. ಮರಿಗಿ ಎಂದರೆ ಕಟ್ಟಿಗೆಯನ್ನು ಕೊರೆದು ಮಾಡಿದ ಆಳವಿಲ್ಲದ ಹರಿವಾಣ. ಅವಳ ಅಜ್ಜನ ಕಾಲದ್ದು, ಅಂಚು ಸವೆದು ಹಪ್ಪಳದಂತೆ ತೆಳ್ಳಗಾಗಿತ್ತು. ಅದರಲ್ಲಿ ಉಸುಕು ಹಾಕಿ, ನೀರು ಬಿಟ್ಟು, ಸಣ್ಣಗೆ ತಿರುವುತ್ತ ಮುಂದಕ್ಕೆ ಬಾಗಿಸಬೇಕು. ಹಗುರಾದದ್ದೆಲ್ಲ ನೀರಿನೊಡನೆ ಹೋಗುತ್ತದೆ. ಕೊನೆಗೆ ಕಬ್ಬಿಣದಂತೆ ಭಾರವಾದ ಕರಿ ಉಸುಕು ಉಳಿಯುತ್ತದೆ. ಬಂಗಾರ ಇದ್ದರೆ ಅದರ ಬುಡದಲ್ಲಿ.

"ಕೈ ಬಂಗಾರ ಹುಡಕಬಾರದು," ಎನ್ನುತ್ತಿದ್ದಳು ರಾಯವ್ವ. "ಹೋಗೂದನ್ನ ಹೋಗಾಕ ಬಿಡಬೇಕು. ನೀ ಎಲ್ಲಾ ಹಿಡಕೋತೀ. ಹಿಂಗಾದ್ರ ಉಸುಕಿನ ಜೋಡಿನ ಮನಿಗೆ ಹೋಗ್ತೀ."

ಕರಿ ಉಸುಕಿನ ಆ ಕೊನೆಯ ತೊಳೆತ ಮಾತ್ರ ಅವನಿಗೆ ಬರಲೇ ಇಲ್ಲ. ಅಲ್ಲಿಗೆ ಬಂದಾಗ ಅವನು ಬಾಗಿಸಲು ಅಂಜಿ ಮರಿಗಿ ಹಿಡಿದೇ ಕೂರುತ್ತಿದ್ದ, ಅವಳು ಕಸಿದುಕೊಳ್ಳುತ್ತಿದ್ದಳು. ಎರಡು ಸಲ ಬಾಗಿಸುವಷ್ಟರಲ್ಲಿ ಕರಿ ಉಸುಕು ಬಾಲದಂತೆ ಹಿಂದೆ ಸರಿದು ಬುಡ ಕಾಣುತ್ತಿತ್ತು. ಬುಡದಲ್ಲಿ ಏನೂ ಇರುತ್ತಿರಲಿಲ್ಲ. "ಮುಂದಿನ ವಾರ," ಎಂದು ಚಾ ಕಾಸಲು ಏಳುತ್ತಿದ್ದಳು.

ಹೀಗೆ ಅವನ ರವಿವಾರಗಳು ಬೆಳಗ್ಗೆ ಹೊಳೆಯಲ್ಲಿ, ಮಧ್ಯಾಹ್ನ ರಾಯವ್ವನ ಹಿತ್ತಲಿನಲ್ಲಿ ಕಳೆಯತೊಡಗಿದವು. ಮಾತು ಕಡಿಮೆ. ಅವಳು ಗಟಾರದ ಕೆಸರು ತೊಳೆಯುವಳು, ಇವನು ಹೊಳೆಯ ಉಸುಕು ತೊಳೆಯುವನು. ಚಾಳಿನ ಜನ "ಏನ್ ಸಾಹುಕಾರ್ರ, ಕೋಲಾರ ಯಾವಾಗ ತಗೊಳ್ಳಾವ್ರು?" ಎಂದು ಕಾಲೆಳೆಯುತ್ತಿದ್ದರು. ಚಾಳಿನಲ್ಲಿ ಅಷ್ಟು ಜನರ ನಡುವೆ ಒಬ್ಬನೇ ಇದ್ದವನಿಗೆ ಆ ಹಿತ್ತಲಿನಲ್ಲಿ ತಾವು ಇಬ್ಬರಿದ್ದೇವೆ ಅನಿಸುತ್ತಿತ್ತು. ಹಾಗೆಂದು ಅವಳಿಗೆ ಹೇಳುವಷ್ಟು ಬಾಯಿ ಅವನಿಗಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಯವ್ವ ಕಟ್ಟುನಿಟ್ಟು. ಊರಿನ ಸುಡುಗಾಡಿನ ಕೆಳಗೆ ಹೊಳೆ ತಿರುಗುವ ಕಡೆ ಉಸುಕು ಮುಟ್ಟಕೂಡದು.

"ಅಲ್ಲೆ ಮರಿಗಿ ಇಡಬ್ಯಾಡ. ಮ್ಯಾಲ ಹೋಗು, ಹಿರಣ್ಯಕೇಶಿ ಹೊಳಿ ಬಂದು ಕೂಡತೈತೆಲ್ಲಾ, ಅಲ್ಲೆ ಕಲ್ಲಿನ ಸಂದ್ಯಾಗ ಕರಿ ಉಸುಕು ಕುಂತಿರತೈತಿ. ಅದನ್ನ ಕೆದರಿ ತಾ."

"ತಿರುವಿನಾಗ ಯಾಕ ಬ್ಯಾಡ?"

"ಬ್ಯಾಡಂದ್ರ ಬ್ಯಾಡ."

ಅಷ್ಟೇ. ಕಾರಣ ಹೇಳಲಿಲ್ಲ. ಜಾಲಗಾರರಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ ಎಂದು ಅಲ್ಲಪ್ಪನಿಗೆ ಏನು ಗೊತ್ತು? ಅವನ ತಲೆಗೆ ಹುಳ ಹೊಕ್ಕಿತು. ಒಳ್ಳೆಯ ಜಾಗವನ್ನು ಮುದುಕಿ ತನಗೆಂದು ಇಟ್ಟುಕೊಂಡಿದ್ದಾಳೆ, ನನ್ನನ್ನು ದೂರ ಸಾಗಹಾಕುತ್ತಿದ್ದಾಳೆ ಎಂದುಕೊಂಡ. ಒಂಟಿಯಾಗಿದ್ದವರಿಗೆ ಗುಮಾನಿ ಬೇಗ ಬರುತ್ತದೆ.

ಒಂದು ರವಿವಾರ ಅವಳಿಗೆ ಹೇಳದೆ ತಿರುವಿಗೇ ಹೋದ. ಗಿರಣಿಯ ಬಡಗಿಯ ಕೈಯಲ್ಲಿ ಮಾಡಿಸಿಕೊಂಡ ಹೊಸ ಮರಿಗಿ ಅವನ ಹತ್ತಿರ ಇತ್ತು. ಉಸುಕಿನಲ್ಲಿ ಬೂದಿಯ ಬಣ್ಣ ಇತ್ತು, ಇದ್ದಿಲ ಚೂರುಗಳಿದ್ದವು. ಅವನು ನೋಡಿಯೂ ನೋಡಲಿಲ್ಲ. ಹೊತ್ತು ನೆತ್ತಿಗೆ ಬರುವ ಮೊದಲೇ ಮರಿಗಿಯ ಬುಡದಲ್ಲಿ ಒಂದು ಕಾಳು ನಿಂತಿತು. ಸಾಸಿವೆ ಕಾಳಿನಷ್ಟು, ದುಂಡಗೆ, ಹಳದಿ. ಕೈ ಅಡ್ಡ ಹಿಡಿದ. ನೆರಳಿನಲ್ಲೂ ಹಳದಿ. ಎರಡು ಕಲ್ಲಿನ ನಡುವೆ ಒತ್ತಿದ. ಪುಡಿಯಾಗಲಿಲ್ಲ, ಒಂದು ಬದಿ ಚಪ್ಪಟೆಯಾಗಿ ಮಲಗಿತು. ಅಲ್ಲಪ್ಪ ನೀರಿನಲ್ಲೇ ಕೂತುಬಿಟ್ಟ. ಮೈಯೆಲ್ಲ ಒದ್ದೆಯಾದದ್ದು ಆಮೇಲೆ ತಿಳಿಯಿತು.

ರಾಯವ್ವನ ಮನೆ ದಾಟಿಕೊಂಡು ನೆಟ್ಟಗೆ ಕೇದಾರಿಯ ಅಂಗಡಿಗೆ ಹೋದ. ಕೇದಾರಿ ಒರೆಗಲ್ಲಿಗೆ ತಿಕ್ಕಿದ, ಗೆರೆಯ ಮೇಲೆ, ಖೋಟಾ ಆದರೆ ಕರಗಿಸಿಬಿಡುವ ತೇಜಾಬು ಹನಿಸಿ ನೋಡಿದ. ಗೆರೆ ಉಳಿಯಿತು.

"ಬಂಗಾರ ಖರೆ," ಅಂದ.

ಅಲ್ಲಪ್ಪನ ಕಣ್ಣು ತುಂಬಿ ಬಂದವು. ಆದರೆ ಕೇದಾರಿ ಕಾಳನ್ನು ಬೆಳಕಿಗೆ ಹಿಡಿದು ಇನ್ನೂ ನೋಡುತ್ತಲೇ ಇದ್ದ.

"ಆದ್ರ ಇದು ಹೊಳೀದಲ್ಲೋ. ಹೊಳೀ ಬಂಗಾರ ಕಲ್ಲಿಗೆ ಬಡಿದು ಬಡಿದು ಹೊಟ್ಟಿನಂಗ ಚಪ್ಪಟಿ ಇರತೈತಿ. ಇದು ದುಂಡಗೈತಿ. ಅಂದ್ರ ಬೆಂಕ್ಯಾಗ ಕರಗೇತಿ. ತಾಮ್ರಾನೂ ಬೆರಕಿ ಐತಿ, ಯಾವನೋ ಪತ್ತಾರ ಬೆರಸಿದ್ದು. ಎಲ್ಲಿ ಸಿಕ್ತು?"

"ಕೆಳಗ. ತಿರುವಿನಾಗ."

ಕೇದಾರಿ ಕಾಳನ್ನು ಕಾಗದದ ಚೂರಿನ ಮೇಲೆ ಇಟ್ಟು ಅವನ ಕಡೆ ಸರಿಸಿದ. ಕೈಯನ್ನು ಧೋತರಕ್ಕೆ ಒರೆಸಿಕೊಂಡ. "ಒಯ್ದು ಇದ್ದಲ್ಲೇ ಬಿಟ್ಟು ಬಾರಪಾ. ಯಾರದೋ ಹೆಣದ ಬಾಯಾಗಿಂದು ಇದು. ಸುಟ್ಟ ಮ್ಯಾಲ ಬೂದಿ ಹೊಳೀಗೆ ಬಿಡ್ತಾರ, ಬಂಗಾರ ಉಸುಕಿನಾಗ ಕೂಡ್ತೈತಿ."

ಅಲ್ಲಪ್ಪ ಕಾಗದ ಮಡಚಿಕೊಂಡು ಕಟ್ಟೆ ಇಳಿದ. ಕಡ ತಂದ ಬಂಗಾರ ಬೇಡವೆಂದು ಹೊರಟವನು ಸತ್ತವರ ಬಾಯಿಂದ ಕದ್ದು ತಂದಿದ್ದ. ತನ್ನ ಮೇಲೆ ಬರಬೇಕಾದ ಸಿಟ್ಟು ದಾರಿಯಲ್ಲಿ ಬರುತ್ತ ಬರುತ್ತ ರಾಯವ್ವನ ಮೇಲೆ ತಿರುಗಿತು. ಹಿತ್ತಲಿಗೆ ನುಗ್ಗಿ, ನಿಂತೇ ಕೇಳಿದ.

"ತಿರುವಿನಾಗ ಏನೈತಿ ಅಂತ ನಿನಗ ಗೊತ್ತಿತ್ತು, ಹೌದಲ್ಲ?"

ರಾಯವ್ವ ಅವನ ಕೈಯಲ್ಲಿದ್ದ ಕಾಗದ ನೋಡಿದಳು. "ಗೊತ್ತಿತ್ತು. ಅದಕ್ಕ ಬ್ಯಾಡಂದಿದ್ದೆ."

"ನೀ ಒಬ್ಬಾಕಿನ ತಗೋಬೇಕಂತ ಬ್ಯಾಡಂದಿ. ಇಷ್ಟು ವರ್ಷ ಸತ್ತವರ ಬಾಯಾಂದು ತಗದು ತಿಂದಿ."

ಮಾತು ಹೊರಗೆ ಬಿದ್ದಮೇಲೆ ಅಂದವನಿಗೇ ಅದು ಹೆಚ್ಚಾಯಿತು ಅನಿಸಿತು. ಮುದುಕಿ ಕೈಯಲ್ಲಿದ್ದ ಮರಿಗಿಯನ್ನು ನಿಧಾನ ಕೆಳಗಿಟ್ಟಳು.

"ನಮ್ಮಪ್ಪ ಅಲ್ಲೆ ಮರಿಗಿ ಇಟ್ಟಿಲ್ಲ. ನಾ ಇಟ್ಟಿಲ್ಲ. ಉಪವಾಸ ಬಿದ್ದಾಗೂ ಇಟ್ಟಿಲ್ಲ. ಊರ ಮಂದಿ ಹಿಂದ ಇದನ್ನ ಅಂತಾರ, ನೀ ಎದರಿಗೆ ಅಂದಿ." ಅವಳ ದನಿ ಏರಲಿಲ್ಲ. "ಹೋಗು ತಮ್ಮಾ. ಇನ್ನ ಈ ಹಿತ್ತಲಕ್ಕ ಬರಬ್ಯಾಡ."

ಅವನು ಕಾಳನ್ನು ಒಯ್ದು ತಿರುವಿನ ನೀರಿಗೆ ಬಿಟ್ಟ. ಮಳೆಗಾಲ ಬಂತು. ಫಾಲ್ಸಿನ ಸದ್ದಿಗೆ ಚಾಳಿನ ತಗಡುಗಳು ನಡುಗುತ್ತಿದ್ದವು. ರವಿವಾರಗಳಲ್ಲಿ ಹೋಗಲು ಎಲ್ಲಿಯೂ ಜಾಗವಿರಲಿಲ್ಲ. ಅವನು ಖೋಲಿಯಲ್ಲಿ ಕೂತು, ತನ್ನ ಹೊಸ ಮರಿಗಿಯಲ್ಲಿ ಜೋಳ ಹಸನು ಮಾಡುತ್ತಿದ್ದ.

ದಸರೆಯ ಹೊತ್ತಿಗೆ ನೀರು ಇಳಿಯಿತು. ಕ್ಷಮೆ ಕೇಳುವುದಕ್ಕಿಂತ ಹೊಳೆ ಅಗೆಯುವುದು ಅವನಿಗೆ ಸುಲಭ. ಮುದುಕಿ ಹೇಳಿದ ಜಾಗಕ್ಕೇ ಹೋಗಿ, ಮುದುಕಿ ಹೇಳಿದ ಹಾಗೇ ಕೆದರಿ, ಖರೆ ಹೊಳೆಬಂಗಾರ ತಂದು ಅವಳ ಮುಂದೆ ಇಡುತ್ತೇನೆ, ಆಗ ಮಾತು ತಾನಾಗಿ ಬರುತ್ತದೆ ಎಂದು ಲೆಕ್ಕ ಹಾಕಿದ. ಘಟಪ್ರಭಾ ಸ್ಟೇಷನ್ ದಾಟಿ, ಹೊಳೆ ಹಿಡಿದು ಹುಕ್ಕೇರಿ ಸೀಮೆಯ ಕಡೆ ನಡೆದ. ಎರಡು ಹೊಳೆ ಕೂಡುವಲ್ಲಿ ಕಲ್ಲಿನ ಸಂದುಗಳಲ್ಲಿ, ಹುಲ್ಲಿನ ಬೇರಿನಲ್ಲಿ, ಅವಳು ಹೇಳಿದಂತೆಯೇ ಕರಿ ಉಸುಕು ಕೂತಿತ್ತು. ಕಬ್ಬಿಣದ ಸಲಾಕೆಯಿಂದ ಕೆದರಿ, ತೊಳೆದು, ಉಳಿದದ್ದನ್ನು ಒಂದು ಮಣ್ಣಿನ ಕುಡಿಕೆಯಲ್ಲಿ ತುಂಬುತ್ತ ಹೋದ.

ಒಮ್ಮೆ ಅಲ್ಲಿಂದ ಹತ್ತರಗಿಯವರೆಗೂ ಹೋಗಿ ಬಂದ. ಅದು ಅವನು ಹುಟ್ಟಿದ ಊರು. ಹೆದ್ದಾರಿಯ ಬಾಜೂ ಮರದ ಕೆಳಗೆ ಕೂತು ರೊಟ್ಟಿ ತಿನ್ನುವಾಗ ಒಬ್ಬ ಗೌಡರಂಥ ಹಿರಿಯ ಬಂದು, "ಯಾರ ಪೈಕಿ?" ಎಂದು ಕೇಳಿದ. ಅಲ್ಲಪ್ಪ ಅಪ್ಪನ ಹೆಸರು ಹೇಳಿದ, ಅಜ್ಜನ ಹೆಸರು ಹೇಳಿದ. ಹಿರಿಯ ಬಹಳ ಹೊತ್ತು ನೆನಪು ಮಾಡಿಕೊಂಡು, "ಗೊತ್ತಾಗಲಿಲ್ಲ ಬಿಡ್ರಿ," ಎಂದು ಹೊರಟುಹೋದ. ಹುಟ್ಟಿದ ಊರಿನಲ್ಲಿ ಬಹುವಚನ ಹಚ್ಚಿಸಿಕೊಂಡದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಮತ್ತೆ ಆ ಕಡೆ ಹೋಗಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಕುಡಿಕೆ ತುಂಬಿತು. ಎತ್ತಿದರೆ ಸೀಸದಷ್ಟು ಭಾರ. ಅದರಲ್ಲಿ ಬಂಗಾರ ಇತ್ತೋ ಇಲ್ಲವೋ ಅವನಿಗೆ ತಿಳಿಯದು. ಗಿರಣಿಯ ಹಣಮಂತನ ಹತ್ತಿರ ಸೂಜಿಗಲ್ಲು ಇಸಿದುಕೊಂಡು ಆಡಿಸಿ ನೋಡಿದ. ಅರ್ಧ ಉಸುಕು ಕಲ್ಲಿಗೆ ಹತ್ತಿಕೊಂಡು ಬಂತು, ಅರ್ಧ ಕರ್ರಗೆ ಹಾಗೇ ಉಳಿಯಿತು. ಇನ್ನು ಆ ಕೊನೆಯ ತೊಳೆತವೇ ಆಗಬೇಕು. ಒಮ್ಮೆ ಕೈ ತಪ್ಪಿದರೆ ಇಷ್ಟು ದಿನದ ಗಳಿಕೆ ನೀರಿನ ಪಾಲು. ಅದು ಬರುವ ಕೈ ಒಂದೇ ಇತ್ತು, ಪತ್ತಾರ ಓಣಿಯಲ್ಲಿ.

ಹೋಗಿ "ತಪ್ಪಾಯ್ತು ಯವ್ವಾ, ತೊಳದು ಕೊಡು" ಅಂದಿದ್ದರೆ ಮುಗಿಯುತ್ತಿತ್ತು. ಅವಳು ಬೈದುಕೊಂಡಾದರೂ ತೊಳೆಯುತ್ತಿದ್ದಳು. ಆದರೆ ಈ ಗಂಡಸಿಗೆ ಬರಿಗೈಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಬೇಡ, ಬಂಗಾರ ಹಿಡಿದುಕೊಂಡೇ ಒಪ್ಪಿಕೊಳ್ಳಬೇಕು. ಬಂಗಾರ ಕಾಣಬೇಕಾದರೆ ಅವಳೇ ಬೇಕು. ಕುಡಿಕೆ ಬಗಲಲ್ಲಿಟ್ಟುಕೊಂಡು ಓಣಿಯ ತಿರುವಿನವರೆಗೆ ಹೋಗುತ್ತಿದ್ದ, ನಿಂತು ಬೀಡಿ ಸೇದಿ ತಿರುಗಿ ಬರುತ್ತಿದ್ದ. ಒಂದು ಸಲ ರಾಯವ್ವ ಪುಟ್ಟಿ ಹೊತ್ತು ಎದುರಿಗೇ ಬಂದಳು. ಬಹಳ ಸೊರಗಿದ್ದಳು. ಇಬ್ಬರೂ ನಿಂತರು. ಅವನು ಕುಡಿಕೆಯನ್ನು ಟವೆಲಿನ ಒಳಗೆ ಸರಿಸಿಕೊಂಡ. ಅವಳು ಏನೋ ಕೇಳುವವಳಂತೆ ನೋಡಿ, ಕೇಳದೆ, ಗೋಡೆಯ ಬದಿಗೆ ಸರಿದು ಹೋದಳು.

ಬೇಸಿಗೆಯ ಒಂದು ಮಧ್ಯಾಹ್ನ ಪಾಳಿಯ ನಡುವೆ ಹಣಮಂತ ಬಂದು ಯಂತ್ರದ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಹೇಳಿದ: "ಗೋಕಾಕದಿಂದ ಸುದ್ದಿ ಬಂದೈತಿ. ನಿನ್ನ ಆ ಉಸುಕಿನ ಮುದಕಿ ಹ್ವಾದಳಂತ."

ಅಲ್ಲಪ್ಪ ಹರಿದ ನೂಲನ್ನು ಗಂಟು ಹಾಕಿದ. ಇನ್ನೊಂದು ಹರಿಯಿತು, ಅದನ್ನೂ ಹಾಕಿದ. ಆಮೇಲೆ ಕೈ ನಡೆಯಲಿಲ್ಲ. ಸಾಹೇಬನಿಗೆ, ನಮ್ಮ ಮನೆಯಲ್ಲಿ ಒಬ್ಬರು ತೀರಿಕೊಂಡಿದ್ದಾರೆ ಎಂದು ಹೇಳಿ ರಜೆ ತೆಗೆದುಕೊಂಡು, ಖೋಲಿಗೆ ಹೋಗಿ ಕುಡಿಕೆ ಎತ್ತಿಕೊಂಡು ಗೋಕಾಕದ ಬಸ್ಸು ಹಿಡಿದ. ಕುಡಿಕೆ ಯಾಕೆ ತೆಗೆದುಕೊಂಡೆ ಎಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ರಾಯವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಬಾಜೂ ಮನೆಯ ಸಾವಂತ್ರೆವ್ವ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿದ್ದಳು. ಬಳಗ ಮುಂಡರಗಿಯಲ್ಲಿ, ಸುದ್ದಿ ಮುಟ್ಟಿ ಬರುವಷ್ಟರಲ್ಲಿ ಹೆಣ ಕೆಡುತ್ತದೆ. ಓಣಿಯ ನಾಲ್ಕು ಮಂದಿ ಗಂಡಸರು ಚಟ್ಟ ಕಟ್ಟಿ ಮುಗಿಸಿ ಅಂಗಳದಲ್ಲಿ ನಿಂತಿದ್ದರು. ಹೊತ್ತು ಇಳಿಯತೊಡಗಿತ್ತು.

ಕೆಲಸ ನಿಂತದ್ದು ಬಾಯಿಬಂಗಾರಕ್ಕೆ. ಜನ್ಮವೆಲ್ಲ ಬಂಗಾರ ತೊಳೆದವಳ ಮನೆಯಲ್ಲಿ ಇದ್ದೇ ಇರುತ್ತದೆ ಎಂದು ಎಲ್ಲರೂ ನಂಬಿ ಮಡಕೆ, ಡಬ್ಬಿ, ಗೂಡು ಎಲ್ಲ ಹುಡುಕಿದ್ದರು. ಒಂದು ಕಣವೂ ಸಿಗಲಿಲ್ಲ. ಸಿಕ್ಕದ್ದನ್ನೆಲ್ಲ ಆಯಾ ವಾರವೇ ಕೇದಾರಿಗೆ ಕೊಟ್ಟು ಜೋಳ ತರುತ್ತಿದ್ದಳು.

"ನಾ ಒಂದು ತಂತಿ ಚೂರು ತರ್ತೇನಿ," ಅಂದ ಕೇದಾರಿ.

"ನೀ ಅಕಿಗೆ ಏನಾಗಬೇಕು? ಪತ್ತಾರ ತಂದು ಹಾಕಿದ್ರ ಅಂಗಡೀದ ಆಗ್ತೈತಿ," ಅಂದ ಓಣಿಯ ಹಿರಿಯ ಮಾಳಪ್ಪ. "ಸಾವಂತ್ರೆವ್ವಾ, ನಿನ್ನ ಕೊರಳಾಗಿನ ಗುಂಡು ಮುಟ್ಟಿಸವಾ. ಮುಟ್ಟಿಸಿ ತಗದ್ರಾತು. ಹೊತ್ತಾತು."

ಸಾವಂತ್ರೆವ್ವ ಕೊರಳಿಗೆ ಕೈ ಹಾಕಿದಳು.

"ತಡೀರಿ," ಅಂದ ಅಲ್ಲಪ್ಪ ಬಾಗಿಲಲ್ಲಿ ನಿಂತು.

ಎಲ್ಲರೂ ತಿರುಗಿ ನೋಡಿದರು. ಅವನು ಗೋಡೆಯ ಮೊಳೆಗೆ ತೂಗುಹಾಕಿದ್ದ ಅವಳ ಮರಿಗಿ ತೆಗೆದುಕೊಂಡು ಹಿತ್ತಲಿಗೆ ನಡೆದ. ನೀರು ತುಂಬುವ ಕಲ್ಲಿನ ಡೋಣಿಯ ಬದಿಗೆ ಕುಕ್ಕರುಗಾಲಲ್ಲಿ ಕೂತು ಕುಡಿಕೆಯನ್ನು ಬೋರಲು ಹಾಕಿದ. ಕರಿ ಉಸುಕು ಮರಿಗಿಯ ತುಂಬ ಬಿತ್ತು.

ಹಿಂದೆ ಗುಜುಗುಜು ಶುರುವಾಯಿತು. "ಇಂವಗೇನು ಹುಚ್ಚ?" "ಹೆಣ ಇಟ್ಕೊಂಡು ಉಸುಕು ತೊಳಿಯಾಕತ್ತಾನ." ಮಾಳಪ್ಪ ಗದರಿದ. ಅಲ್ಲಪ್ಪ ತಿರುವುತ್ತಲೇ ಇದ್ದ. ಮೊದಲ ಸಲ ಬಾಗಿಸಿದಾಗ ಬೇಕಾದದ್ದಕ್ಕಿಂತ ಹೆಚ್ಚು ಹೋಯಿತು. ಹೋದದ್ದರಲ್ಲಿ ಬಂಗಾರ ಇತ್ತೇನೋ. ಬಗ್ಗಿ ಡೋಣಿಯೊಳಗೆ ನೋಡಬೇಕೆನಿಸಿತು, ನೋಡಲಿಲ್ಲ. ಹೋಗುವುದು ಹೋಗಲಿ ಎಂದು ಮತ್ತೆ ನೀರು ಬಿಟ್ಟ, ಮತ್ತೆ ಬಾಗಿಸಿದ. ಸವೆದ ಅಂಚು ಅಂಗೈಗೆ ಹಿತವಾಗಿ ಕೂತಿತು. ಗುಜುಗುಜು ಯಾವಾಗಲೋ ನಿಂತಿತ್ತು. ಕರಿ ಉಸುಕು ಹಿಡಿಯಷ್ಟಾಯಿತು, ಚಿಟಿಕೆಯಷ್ಟಾಯಿತು, ಕೊನೆಗೆ ಬಾಲದಂತೆ ಹಿಂದಕ್ಕೆ ಸರಿಯಿತು.

ಬುಡದಲ್ಲಿ ಹಳದಿ ಇತ್ತು. ರಾಗಿಯ ಹೊಟ್ಟಿನಂಥ ತೆಳ್ಳಗಿನ ಚಕ್ಕೆಗಳು, ಬೆಂಕಿ ಕಾಣದ, ಯಾವ ಪತ್ತಾರನ ಕೈಯೂ ಮುಟ್ಟದ ಹೊಳೆಯ ಬಂಗಾರ. ತಾನು ಬಗ್ಗಿದ ನೆರಳು ಅದರ ಮೇಲೇ ಬಿದ್ದಿತ್ತು. ಆ ನೆರಳಿನಲ್ಲೂ ಅದು ಹಳದಿಯೇ ಇತ್ತು.

"ಬಂತು ಯವ್ವಾ!" ಎಂದು ಅಲ್ಲಪ್ಪ ತಲೆ ಎತ್ತಿದ. ಡೋಣಿಯ ಆ ಬದಿಗೆ, ರಾಯವ್ವ ಕೂಡುತ್ತಿದ್ದಲ್ಲಿ, ಯಾರೂ ಇರಲಿಲ್ಲ.

ಕೇದಾರಿ ಬಗ್ಗಿ ನೋಡಿ, "ಅಲ್ಲಪ್ಪಾ, ಇದು ಖರೇನ ಹೊಳೀದೋ!" ಎಂದ. ಅಲ್ಲಪ್ಪನಿಗೆ ಅದು ಕೇಳಿಸಿತು, ಆದರೆ ಅದರಿಂದ ಅವನಿಗೆ ಏನೂ ಆಗಲಿಲ್ಲ. ಈ ಮಾತನ್ನು ಅವನು ಕೇಳಬೇಕೆಂದಿದ್ದ ಬಾಯಿಯೇ ಬೇರೆ. ಮರಿಗಿ ಹಿಡಿದುಕೊಂಡು ಪಡಸಾಲೆಗೆ ಬಂದು ರಾಯವ್ವನ ಎದುರಿಗೆ ಕೂತ. ಅವಳ ಮುಚ್ಚಿದ ಕಣ್ಣಿನ ಮುಂದೆ ಅದನ್ನು ಸ್ವಲ್ಪ ಹೊತ್ತು ಹಿಡಿದ.

"ನೀ ಹೇಳಿದಲ್ಲೇ ಸಿಕ್ತು," ಅಂದ. "ತಪ್ಪಾತು."

ಒದ್ದೆ ಬೆರಳಿಗೆ ಚಕ್ಕೆಗಳನ್ನೆಲ್ಲ ಅಂಟಿಸಿಕೊಳ್ಳುತ್ತಿದ್ದಾಗ ಸಾವಂತ್ರೆವ್ವ ಮೆಲ್ಲಗೆ ಹೇಳಿದಳು: "ಅಕಿಗೆ ಒಂದು ಸಾಕೋ ಯಪ್ಪಾ. ನೀ ನಿನಗಂತ ಹುಡಕತಿದ್ದೆಲ್ಲ, ಉಳದದ್ದು ಇಟ್ಕೋ."

ಅವನ ಕೈ ಒಂದು ಗಳಿಗೆ ನಿಂತಿತು. ನಿಲ್ಲದೆ ಏನು? ಅದಕ್ಕಾಗಿಯೇ ಅಲ್ಲವೇ ಇಷ್ಟು ದಿನ ಹೊಳೆಯಲ್ಲಿ ನಿಂತದ್ದು. ಆಮೇಲೆ ಮರಿಗಿಯ ಬುಡವನ್ನು ಬೆರಳಿನಿಂದ ಪೂರ್ತಿ ಬಳಿದು, ಮುದುಕಿಯ ತುಟಿ ಬಿಡಿಸಿ ನಾಲಗೆಯ ಮೇಲೆ ಎಲ್ಲವನ್ನೂ ಒರೆಸಿದ. ಒರೆಸಿ, ಅಲ್ಲೇ ಕೂತು ದನಿ ತೆಗೆದು ಅತ್ತ. ಸುಂದ್ರವ್ವ ಹೋದಾಗ ಅಳಲು ಬಂದಿರಲಿಲ್ಲ, ಅದೂ ಇದರಲ್ಲೇ ಬಂತು.

ಮಾಳಪ್ಪ, "ಏಳ್ರಿ, ಹೊತ್ತಾತು," ಅಂದ. ನಾಲ್ವರು ಚಟ್ಟದ ಹತ್ತಿರ ಬಂದರು. ಮುಂದಿನ ಬಲಗಡೆ ನಿಲ್ಲಬೇಕಾದವನು ಅಲ್ಲಪ್ಪನನ್ನು ನೋಡಿ, ಏನೂ ಕೇಳದೆ ಹಿಂದಕ್ಕೆ ಸರಿದು ಜಾಗ ಬಿಟ್ಟ. ಅಲ್ಲಿ ಹೆಗಲು ಕೊಡುವವರು ಮನೆಯವರು. ಅಲ್ಲಪ್ಪ ಕಣ್ಣೊರೆಸಿಕೊಂಡು ಎದ್ದು ಹೋಗಿ ಅಲ್ಲಿ ನಿಂತ.